ಗುಜರಿಯಿಂದ ಹರಾಜುಕಟ್ಟೆಗೆ: ಫೆರಾರಿ ಜಿಟಿಒ ಬೆಲೆಯ ಚರಿತ್ರೆ

1965ರಲ್ಲಿ ಫಬ್ರಿಟ್ಸಿಯೊ ವಿಯೊಲಾತಿ ಎಂಬ ಇಟಲಿಯ ತರುಣ ಮೂರು ವರ್ಷ ಹಳೆಯದಾದ ಒಂದು ರೇಸ್ ಕಾರನ್ನು 25 ಲಕ್ಷ ಲಿರಾ ಕೊಟ್ಟು ಕೊಂಡ. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು ನಾಲ್ಕು ಸಾವಿರ ಡಾಲರ್. ಅವನದು ಫೆರಾರೆಲ್ಲೆ ಎಂಬ ಖನಿಜಜಲದ ವ್ಯಾಪಾರವಿದ್ದ ಮನೆತನ. ದುಡ್ಡಿಗೇನೂ ತೊಂದರೆಯಿರಲಿಲ್ಲ, ಆದರೆ ರೇಸಿನ ಹುಚ್ಚು ಮನೆಯವರಿಗೆ ತಿಳಿಯಬಾರದೆಂದು ಕಾರನ್ನು ಅಡಗಿಸಿಟ್ಟು, ರಾತ್ರಿ ಹೊತ್ತು ಮಾತ್ರ ಹೊರಗೆ ತೆಗೆಯುತ್ತಿದ್ದ. 2010ರಲ್ಲಿ ತೀರಿಕೊಳ್ಳುವವರೆಗೂ ಅವನು ಅದನ್ನು ಬಿಟ್ಟುಕೊಡಲಿಲ್ಲ. 2014ರ ಆಗಸ್ಟ್ 14ರ ಸಂಜೆ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಬೋನ್‌ಹ್ಯಾಮ್ಸ್ ಸಂಸ್ಥೆ ಅದನ್ನು ಹರಾಜಿಗಿಟ್ಟಿತು. ಎಂಜೊ ಫೆರಾರಿ ಸತ್ತು ಅಂದಿಗೆ ಸರಿಯಾಗಿ 26 ವರ್ಷ. ಕಾಕತಾಳೀಯವೇ ಇರಬಹುದು, ಹರಾಜಿನವರಿಗೇನೂ ನಷ್ಟವಾಗಲಿಲ್ಲ. ಕೊನೆಯ ಸವಾಲು 3 ಕೋಟಿ 46 ಲಕ್ಷ 50 ಸಾವಿರ ಡಾಲರಿಗೆ ನಿಂತಿತು. ಹರಾಜು ಸಂಸ್ಥೆಯ ಕಮಿಷನ್ ಸೇರಿ ಕೊಂಡವರು ತೆತ್ತದ್ದು 3 ಕೋಟಿ 81 ಲಕ್ಷ ಡಾಲರಿಗೂ ಹೆಚ್ಚು. ಕಾರಿನ ಹೆಸರು ಫೆರಾರಿ 250 ಜಿಟಿಒ, ಚಾಸಿ ನಂಬರ್ 3851ಜಿಟಿ.

ನಾಲ್ಕು ಸಾವಿರ ಡಾಲರಿನ ವಸ್ತು ನಾಲ್ಕು ಕೋಟಿಯ ಹತ್ತಿರಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ: ಕಾರು ಚೆಂದ, ಕಾರು ಅಪರೂಪ, ಸಿರಿವಂತರಿಗೆ ಹುಚ್ಚು. ಮೂರರಲ್ಲೂ ಸತ್ಯದ ಅಂಶವಿದೆ. ಆದರೆ ಮೂರೂ 1965ರಲ್ಲೂ ಇದ್ದವು. ಕಾರಿನ ಮೈಕಟ್ಟು ಅಂದೂ ಅದೇ, ತಯಾರಾದವುಗಳ ಸಂಖ್ಯೆ ಅಂದೂ ಅದೇ, ಹುಚ್ಚಿದ್ದ ಸಿರಿವಂತರು ಅಂದೂ ಇದ್ದರು. ಹಾಗಿದ್ದ ಮೇಲೆ ಬೆಲೆ ಹುಟ್ಟಿಸಿದ್ದು ಆಮೇಲೆ ಬಂದು ಸೇರಿದ ಬೇರೇನೋ ಇರಬೇಕು. ಅದು ದಾಖಲೆ ಎಂಬುದು ಈ ಲೇಖನದ ವಾದ. ಯಾವ ಕಾರು ಯಾವ ದಿನ ಯಾರ ಕೈಯಲ್ಲಿತ್ತು, ಎಲ್ಲಿ ಓಡಿತು, ಎಲ್ಲಿ ಗುದ್ದಿತು, ಏನು ಬದಲಾಯಿತು ಎಂಬುದರ ಕಡಿಯದ ಸರಪಳಿಗೇ ಈಗ ಜನ ಹಣ ಕೊಡುತ್ತಿರುವುದು. ಕಬ್ಬಿಣ, ಅಲ್ಯೂಮಿನಿಯಂ ಆ ಸರಪಳಿಯ ಜೊತೆಗೆ ಬರುತ್ತವೆ. ಈ ಬುದ್ಧಿಯನ್ನು ಕೊಳ್ಳುವವರಿಗೆ ಕಲಿಸಿದ್ದು 1980ರ ದಶಕದ ಏರಿಕೆಯಲ್ಲ, 1990ರ ಕುಸಿತ.

ಈ ಕಾರು ಹುಟ್ಟಿದ್ದೇ ಒಂದು ಕಾಗದದ ಚಮತ್ಕಾರದಿಂದ. ಜಿಟಿ ವರ್ಗದ ರೇಸಿನಲ್ಲಿ ಓಡಬೇಕಾದರೆ ಅಂಥ ಕಾರುಗಳನ್ನು ನೂರರಷ್ಟಾದರೂ ತಯಾರಿಸಿರಬೇಕೆಂಬುದು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ನಿಯಮವಾಗಿತ್ತು. ಎಂಜೊ ಫೆರಾರಿಗೆ ನೂರು ಕಾರು ಮಾಡುವ ಇರಾದೆ ಇರಲಿಲ್ಲ. ಇದು ಹೊಸ ಕಾರೇ ಅಲ್ಲ, ಆಗಲೇ ಮಾನ್ಯತೆ ಪಡೆದಿರುವ 250 ಜಿಟಿಯ ಸುಧಾರಿತ ರೂಪವಷ್ಟೇ ಎಂದು ವಾದಿಸಿ ಅವನು ಒಪ್ಪಿಗೆ ಗಿಟ್ಟಿಸಿಕೊಂಡ. ಹೆಸರಿನ ಕೊನೆಯ ‘ಒ’ ಅಕ್ಷರ ಆ ಮಾನ್ಯತೆಯ ಗುರುತು. 1962ರಿಂದ 1964ರವರೆಗೆ ಮಾರನೆಲ್ಲೊ ಕಾರ್ಖಾನೆಯಿಂದ ಹೊರಬಂದದ್ದು 36. ನಾಲ್ಕು ಲೀಟರ್ ಎಂಜಿನ್ ಇದ್ದ ಮೂರನ್ನು ಕೂಡಿಸಿದರೆ 39. ಫೆರಾರಿಯಲ್ಲಿ ರೇಸ್ ಕಾರುಗಳಿಗೆ ಸಮಸಂಖ್ಯೆಯ ಚಾಸಿ ನಂಬರನ್ನೂ ರಸ್ತೆಯ ಕಾರುಗಳಿಗೆ ಬೆಸಸಂಖ್ಯೆಯನ್ನೂ ಒತ್ತುವ ಪದ್ಧತಿಯಿತ್ತು. ಜಿಟಿಒ ಅಪ್ಪಟ ರೇಸ್ ಯಂತ್ರ: ಒಳಗೆ ಅಲಂಕಾರವಿಲ್ಲ, ಆರು ವೆಬರ್ ಕಾರ್ಬ್ಯುರೇಟರ್‌ಗಳಿಂದ ಉಸಿರಾಡುವ 2,953 ಸಿಸಿಯ 12 ಸಿಲಿಂಡರ್ ಎಂಜಿನ್, ಸುಮಾರು 300 ಅಶ್ವಶಕ್ತಿ. ಆದರೂ 3851 ಸೇರಿದಂತೆ ಜಿಟಿಒಗಳಿಗೆಲ್ಲ ಬೆಸಸಂಖ್ಯೆಯೇ ಇದೆ. ಇದು ರಸ್ತೆಯ ಕಾರು ಎಂಬ ಸುಳ್ಳನ್ನು ಕಾರ್ಖಾನೆ ಉಕ್ಕಿನ ಮೇಲೆಯೇ ಕೊರೆದಿಟ್ಟಿದೆ. ಮುಂದೆ 250 ಎಲ್‌ಎಂ ವಿಷಯದಲ್ಲಿ ಫೆರಾರಿ ಇದೇ ಆಟ ಹೂಡಿದಾಗ ಒಕ್ಕೂಟ ಒಪ್ಪಲಿಲ್ಲ. ಅದಕ್ಕೂ ಬೆಸಸಂಖ್ಯೆ ಒತ್ತಿ ಆಗಿತ್ತು.

ಜಿಟಿಒ ಕೆಲಸ ಶುರುಮಾಡಿದ ಎಂಜಿನಿಯರ್ ಜಿಯೊತ್ತೊ ಬಿಜ್ಜಾರಿನಿ. 1961ರ ಕೊನೆಯಲ್ಲಿ ಎಂಜೊ ಜೊತೆ ಜಗಳವಾಗಿ ಅವನೂ ಇತರ ಹಿರಿಯರೂ ಒಟ್ಟಿಗೆ ಹೊರನಡೆದ ಮೇಲೆ, 26ರ ಹರೆಯದ ಮೌರೊ ಫೋರ್ಗಿಯೆರಿ ಅದನ್ನು ದಡ ಮುಟ್ಟಿಸಿದ. ಮೊಡೆನಾದ ಸ್ಕಾಲಿಯೆತ್ತಿ ಕಾರ್ಯಾಗಾರದಲ್ಲಿ ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಮೈ ಕಟ್ಟುತ್ತಿದ್ದರು, ಹಾಗಾಗಿ ಎರಡು ಜಿಟಿಒಗಳು ಅಚ್ಚುಕಟ್ಟಾಗಿ ಒಂದೇ ಅಳತೆಯವಲ್ಲ. ಅಮೆರಿಕದಲ್ಲಿ ಹೊಸದರ ಬೆಲೆ ಸುಮಾರು 18 ಸಾವಿರ ಡಾಲರ್. ಕೊಡಲು ದುಡ್ಡಿದ್ದರೆ ಸಾಲದು, ಕೊಳ್ಳುವವನು ಯಾರೆಂಬುದು ಎಂಜೊಗೆ ಒಪ್ಪಿಗೆಯಾಗಬೇಕಿತ್ತು. 1962, 63, 64ರಲ್ಲಿ ಜಿಟಿ ವರ್ಗದ ಪ್ರಶಸ್ತಿ ಫೆರಾರಿಯದಾಯಿತು. 1965ರ ಹೊತ್ತಿಗೆ ಕ್ಯಾರಲ್ ಶೆಲ್ಬಿಯ ಕೋಬ್ರಾ ಡೇಟೋನ ಅದನ್ನು ಹಿಂದಿಕ್ಕಿತ್ತು. ಸೋತ ರೇಸ್ ಕಾರಿಗಿಂತ ನಿರುಪಯೋಗಿ ವಸ್ತು ಮತ್ತೊಂದಿಲ್ಲ: ರಸ್ತೆಯಲ್ಲಿ ಅದರ ಸದ್ದು ಕಾವು ತಡೆಯಲಾಗದು, ಪೈಪೋಟಿಯಲ್ಲಿ ಅದಕ್ಕೆ ಜಾಗವಿಲ್ಲ. ಎಂಜೊಗೂ ಹಳೆಯದರ ಮೋಹ ಇರಲಿಲ್ಲ. 1961ರಲ್ಲಿ ಫಿಲ್ ಹಿಲ್‌ಗೆ ವಿಶ್ವಪ್ರಶಸ್ತಿ ತಂದುಕೊಟ್ಟ, ಮೂತಿ ಶಾರ್ಕ್ ಮೀನಿನಂತಿದ್ದ ಫೆರಾರಿ 156 ಕಾರುಗಳನ್ನು ಕಾರ್ಖಾನೆಯೇ ಗುಜರಿಗೆ ಹಾಕಿತು, ಒಂದೂ ಉಳಿದಿಲ್ಲ. ಒಂದು ಜಿಟಿಒ ಟೆಕ್ಸಾಸ್‌ನ ಹೈಸ್ಕೂಲೊಂದಕ್ಕೆ ದಾನವಾಗಿ ಹೋಗಿ, ಮೆಕ್ಯಾನಿಕ್ ಪಾಠ ಕಲಿಯುವ ಹುಡುಗರ ಶೆಡ್ಡಿನಲ್ಲಿ ನಿಂತಿತ್ತು. 1972ರಲ್ಲಿ ಶಾಲೆ ಅದನ್ನು 6,500 ಡಾಲರಿಗೆ ಮಾರಿತು. ಕೊಂಡವರು ಒಹಾಯೊದಲ್ಲಿ ಅದನ್ನು ಟ್ರೈಲರ್ ಮೇಲೆಯೇ ಬಯಲಲ್ಲಿ ವರ್ಷಗಟ್ಟಲೆ ಬಿಟ್ಟಿದ್ದರು. ಇವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಹಳೆಯ ಯಂತ್ರವನ್ನು ಅದರ ಕೆಲಸದಿಂದಲೇ ಅಳೆಯಬೇಕೆಂಬ ಅವರ ಲೆಕ್ಕ ಆ ಕಾಲಕ್ಕೆ ಸರಿಯಾದ ಲೆಕ್ಕವೇ ಆಗಿತ್ತು.

ಲೆಕ್ಕ ಬದಲಾಗತೊಡಗಿದ್ದು 1970ರ ದಶಕದಲ್ಲಿ, ಸದ್ದಿಲ್ಲದೆ. 1969ರಲ್ಲಿ ಎಂಜೊ ಕಂಪನಿಯ ಅರ್ಧ ಪಾಲನ್ನು ಫಿಯಟ್‌ಗೆ ಮಾರಿದ್ದ. ನಾವು ಪ್ರೀಮಿಯರ್ ಪದ್ಮಿನಿಯ ಮೂಲಕ ಬಲ್ಲ ಅದೇ ಫಿಯಟ್. ಕೈಯಿಂದ ಕಾರು ಕಟ್ಟುತ್ತಿದ್ದ ಒಂದು ಕಾಲ ಮುಗಿಯಿತೆಂದು ಕೆಲವರಿಗೆ ಅನ್ನಿಸಿತು. 1973ರ ತೈಲ ಬಿಕ್ಕಟ್ಟಿನಲ್ಲಿ 12 ಸಿಲಿಂಡರ್ ಕಾರುಗಳನ್ನು ಕೇಳುವವರಿಲ್ಲದೆ ಬೆಲೆ ಬಿದ್ದಾಗ, ನಿಜವಾದ ಆಸಕ್ತರ ಕೈಗೆ ಅವು ಎಟುಕಿದವು. ಈ ಆಸಕ್ತರು ಮಾಡಿದ ಮುಖ್ಯ ಕೆಲಸ ಕಾರು ತೊಳೆದು ಹೊಳೆಯಿಸಿದ್ದಲ್ಲ, ಪಟ್ಟಿ ಬರೆದದ್ದು. ಯಾವ ಚಾಸಿ ನಂಬರ್ ಯಾವ ರೇಸಿನಲ್ಲಿ, ಯಾವ ಚಾಲಕನ ಕೈಯಲ್ಲಿ, ಈಗ ಯಾವ ಊರಿನಲ್ಲಿ ಎಂದು ಹಳೆಯ ರೇಸ್ ಫಲಿತಾಂಶಗಳನ್ನೂ ಫೋಟೊಗಳನ್ನೂ ಪತ್ರಗಳನ್ನೂ ಜೋಡಿಸುತ್ತ ಹೋದರು. 1976ರಲ್ಲಿ ಅಮೆರಿಕದ ಜೆರಾಲ್ಡ್ ರೌಶ್ ‘ಫೆರಾರಿ ಮಾರ್ಕೆಟ್ ಲೆಟರ್’ ಎಂಬ ಪತ್ರಿಕೆ ಆರಂಭಿಸಿ, ಮಾರಾಟಕ್ಕಿರುವ ಕಾರುಗಳನ್ನೂ ಕೇಳುವ ಬೆಲೆಗಳನ್ನೂ ನಿಯಮಿತವಾಗಿ ಅಚ್ಚುಮಾಡಿದ. ಮುಂದೆ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಮಸ್ಸಿನಿಯಂಥವರು ಒಂದೊಂದು ಚಾಸಿಗೂ ಒಂದೊಂದು ಕಡತ ತೆರೆದರು. ಹವ್ಯಾಸಿಗಳ ಈ ಗುಮಾಸ್ತಿಕೆ ಇಲ್ಲದಿದ್ದರೆ ಮುಂದಿನ ಕೋಟಿಗಳು ಹುಟ್ಟುತ್ತಿರಲಿಲ್ಲ. 1977ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್ ಸುಮಾರು 37 ಸಾವಿರ ಪೌಂಡಿಗೆ ಜಿಟಿಒ ಕೊಂಡಾಗ ಅದನ್ನು ದುಬಾರಿ ಎಂದವರೇ ಹೆಚ್ಚಿದ್ದಿರಬೇಕು.

ಹತ್ತು ವರ್ಷದ ನಂತರ ಅದೇ ಮಾರುಕಟ್ಟೆ ಗುರುತು ಸಿಗದಷ್ಟು ಬದಲಾಯಿತು. 1987ರ ಅಕ್ಟೋಬರ್ 19ರಂದು ಜಗತ್ತಿನ ಷೇರುಪೇಟೆಗಳು ಕುಸಿದವು. ಕಾಗದದ ಸಂಪತ್ತಿಗೆ ಹೆದರಿದ ಹಣ, ಕೈಯಲ್ಲಿ ಮುಟ್ಟಬಹುದಾದ ವಸ್ತುಗಳ ಕಡೆ ಹರಿಯಿತು. ಒಂದು ತಿಂಗಳೊಳಗೆ ಲಂಡನ್ನಿನ ಹರಾಜಿನಲ್ಲಿ ಬುಗಾಟಿ ರಾಯಲ್ ಕಾರೊಂದು 55 ಲಕ್ಷ ಪೌಂಡಿಗೆ ಹೋಯಿತು. ಬ್ರಿಟನ್ನಿನಲ್ಲಿ ಕಾರಿನ ಮಾರಾಟದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲದಿದ್ದದ್ದೂ ಸೇರಿಕೊಂಡಿತು. 1988ರಲ್ಲಿ ಎಂಜೊ 90ನೇ ವಯಸ್ಸಿನಲ್ಲಿ ತೀರಿಕೊಂಡ. ವರ್ಣಚಿತ್ರಕಾರ ಸತ್ತರೆ ಚಿತ್ರದ ಬೆಲೆ ಏರುತ್ತದೆಂಬ ತರ್ಕವನ್ನು ದಲ್ಲಾಳಿಗಳು ಕಾರಿಗೂ ಹಚ್ಚಿದರು, ತರಾತುರಿಯಲ್ಲಿ ಯಾರೂ ಪ್ರಶ್ನಿಸಲಿಲ್ಲ. ಆ ಹೊತ್ತಿಗೆ ಜಪಾನಿನಲ್ಲಿ ಭೂಮಿಯ ಮೇಲೆ ಸಾಲ ತೆಗೆದು ಕಲಾಕೃತಿ ಕೊಳ್ಳುವ ಭರಾಟೆ ನಡೆದಿತ್ತು. ವ್ಯಾನ್ ಗೋನ ಸೂರ್ಯಕಾಂತಿಯನ್ನು 1987ರಲ್ಲಿ ಕೊಂಡ ಜಪಾನಿನ ಹಣವೇ 1989ರಲ್ಲಿ ಜಿಟಿಒಗೂ ಕೈಚಾಚಿತು: ಅಲ್ಲಿನ ಸಂಗ್ರಾಹಕರೊಬ್ಬರು 1 ಕೋಟಿ 30 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಒಂದನ್ನು ಕೊಂಡರೆಂಬ ಸುದ್ದಿ ಪೇಟೆಯನ್ನು ಬೆರಗಾಗಿಸಿತು. ಜಿಟಿಒಗೆ ಅಷ್ಟಾದರೆ ನನ್ನದಕ್ಕೆ ಎಷ್ಟು ಎಂದು ಪ್ರತಿಯೊಬ್ಬ ಫೆರಾರಿ ಮಾಲೀಕನೂ ಲೆಕ್ಕ ಹಾಕಿದ. ಹೊಸದಾಗಿ ಬಂದ ಎಫ್40 ಕಾರನ್ನು ಫಾರ್ಮುಲಾ ಒನ್ ಚಾಲಕ ನೈಜೆಲ್ ಮ್ಯಾನ್ಸೆಲ್ 1990ರಲ್ಲಿ 10 ಲಕ್ಷ ಪೌಂಡಿಗೆ ಮಾರಿದನೆಂದು ವರದಿಯಾಯಿತು. ಸುಮಾರು 400 ಮಾಡುವುದೆಂದು ಹೊರಟಿದ್ದ ಕಾರ್ಖಾನೆ ಬೇಡಿಕೆ ನೋಡಿ 1,300ಕ್ಕೂ ಹೆಚ್ಚು ಎಫ್40 ಹೊರತಂದಿತು. ಮುಂಗಡದ ರಸೀದಿಗಳೇ ಕೈಯಿಂದ ಕೈಗೆ ಮಾರಾಟವಾದವು. ಕಾರು ನೋಡದೆಯೇ ಕಾರಿನ ವ್ಯಾಪಾರ.

ಟೋಕಿಯೊದ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ಕ್ಕೆ ಮುಟ್ಟಿ, ಅಲ್ಲಿಂದ ಇಳಿಯತೊಡಗಿತು. ಬಡ್ಡಿ ಏರಿತು, ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಕಾರುಗಳ ಬೆಲೆ 1990ರ ಬೇಸಿಗೆಯ ಹೊತ್ತಿಗೆ ತಡವರಿಸಿ, ಆಮೇಲೆ ಜಾರಿತು. 1990ರ ದಶಕದ ನಡುಭಾಗದಲ್ಲಿ ಜಿಟಿಒ ಬೆಲೆ 30 ಲಕ್ಷ ಡಾಲರಿನ ಆಸುಪಾಸಿಗೆ ಬಂದಿತ್ತು. ಎಫ್40 ಹೊಸದರ ಬೆಲೆಗಿಂತ ಕಡಿಮೆಗೆ ಸಿಗುತ್ತಿತ್ತು. ಬಹಳ ಜನ ಕೈ ಸುಟ್ಟುಕೊಂಡರು. ಇಲ್ಲಿಯವರೆಗಿನದು ಯಾವ ಗುಳ್ಳೆಗಾದರೂ ಹೊಂದುವ ಕಥೆ. ನನಗೆ ಮುಖ್ಯವೆನಿಸುವುದು ಮುಂದಿನದು: ಬಿದ್ದ ಮೇಲೆ ಎದ್ದವು ಯಾವುವು? ಏರುವಾಗ ಎಲ್ಲವೂ ಒಟ್ಟಿಗೆ ಏರಿದ್ದವು. ಏಳುವಾಗ ಹಾಗಾಗಲಿಲ್ಲ. 7 ಸಾವಿರಕ್ಕೂ ಹೆಚ್ಚು ತಯಾರಾಗಿದ್ದ ಟೆಸ್ಟರೋಸಾದಂಥ ಕಾರುಗಳು ಹತ್ತಿಪ್ಪತ್ತು ವರ್ಷ ನೆಲ ಕಚ್ಚಿಯೇ ಇದ್ದವು. ಚರಿತ್ರೆ ಸ್ಪಷ್ಟವಾಗಿ ಬರೆದಿಟ್ಟಿದ್ದ ಜಿಟಿಒ, ಹೆಸರಷ್ಟೇ ಹೋಲುವ ಹಳೆಯ ರೇಸ್ ಕಾರು ಟೆಸ್ಟಾ ರೋಸಾ, ಕ್ಯಾಲಿಫೋರ್ನಿಯಾ ಸ್ಪೈಡರ್‌ಗಳು ಮೊದಲು ಚೇತರಿಸಿಕೊಂಡವು. ಅವುಗಳಲ್ಲೂ ಕಡತ ಗಟ್ಟಿಯಾಗಿದ್ದವು ಮುಂದೆ, ಸಂಶಯವಿದ್ದವು ಹಿಂದೆ. ಗುಳ್ಳೆಯ ಕಾಲದಲ್ಲಿ ಕುದುರೆ ಲಾಂಛನವಿದ್ದರೆ ಸಾಕಿತ್ತು. ಕುಸಿತದ ನಂತರ ಕೊಳ್ಳುವವರು ಲಾಂಛನ ಬಿಟ್ಟು ಕಡತ ಕೇಳಿದರು.

ಇದಕ್ಕೆ ಮೊದಲ ಆಕ್ಷೇಪ: ಇದೆಲ್ಲ ಸುತ್ತುಬಳಸಿನ ಮಾತು, ಅಪರೂಪದ ಒಳ್ಳೆಯ ಕಾರಿಗೆ ಬೆಲೆ ಬಂದಿತು ಎಂದರೆ ಸಾಲದೇ? ಸಾಲದು ಎನ್ನಲು ನನ್ನ ಬಳಿಯಿರುವ ಸಾಕ್ಷಿ 250 ಜಿಟಿಇ ಎಂಬ ನಾಲ್ಕು ಸೀಟಿನ ಫೆರಾರಿ. 1960ರಿಂದ 63ರವರೆಗೆ ಸುಮಾರು 950 ತಯಾರಾದ ಅದರಲ್ಲಿ ಇರುವುದು ಜಿಟಿಒದ ಎಂಜಿನ್ನಿನ ಅದೇ ಮನೆತನ: ಜೊಯಾಕಿನೊ ಕೊಲೊಂಬೊ ವಿನ್ಯಾಸದ ಮೂರು ಲೀಟರ್, 12 ಸಿಲಿಂಡರ್. ಅದೇ ಕಾರ್ಖಾನೆ, ಅದೇ ವರ್ಷಗಳು. ಬೆಲೆಯಿಲ್ಲದ ದಿನಗಳಲ್ಲಿ ಎಷ್ಟೋ ಜಿಟಿಇಗಳನ್ನು ಕೊಯ್ದು, ಚಾಸಿ ಗಿಡ್ಡ ಮಾಡಿ, ಮೇಲೆ ಜಿಟಿಒ ಮೈ ಹೊದಿಸಿ ನಕಲು ಕಟ್ಟಿದರು. ಈ ನಕಲುಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಎಂಜಿನ್ ಅಸಲಿ, ಚಾಸಿ ಫೆರಾರಿಯದು, ಮೈಯನ್ನು ಕೆಲವೊಮ್ಮೆ ಮೊಡೆನಾದ ಒಳ್ಳೆಯ ಕುಶಲಕರ್ಮಿಗಳೇ ಬಡಿದಿರುತ್ತಾರೆ. ಓಡಿಸಿದರೆ ಸದ್ದೂ ಅದೇ. ಅಂದ ಬೇಕಿದ್ದವರಿಗೆ ಅಂದವಿದೆ, ಎಂಜಿನ್ ಬೇಕಿದ್ದವರಿಗೆ ಎಂಜಿನ್ ಇದೆ. ಆದರೂ ಅಸಲಿ ಜಿಟಿಒ ಬೆಲೆಯ ನೂರರಲ್ಲಿ ಕೆಲವು ಪಾಲು ಕೂಡ ಇವಕ್ಕೆ ಸಿಗುವುದಿಲ್ಲ. 2019ರಲ್ಲಿ ಬೊಲೊನ್ಯಾದ ನ್ಯಾಯಾಲಯ ಜಿಟಿಒದ ಆಕಾರವನ್ನು ಕಲಾಕೃತಿಯೆಂದು ಪರಿಗಣಿಸಿ, ಅದರ ನಕಲನ್ನು ತಡೆಯುವ ಹಕ್ಕು ಫೆರಾರಿಗಿದೆ ಎಂದಿತು. ಕಾರ್ಖಾನೆಗೆ ಅದು ಗೆಲುವು, ಸರಿ. ಮಾರುಕಟ್ಟೆಗೆ ಆ ರಕ್ಷಣೆಯ ಅಗತ್ಯವೇ ಇರಲಿಲ್ಲ, ಏಕೆಂದರೆ ಮಾರುಕಟ್ಟೆ ಆಕಾರಕ್ಕೆ ಬೆಲೆ ಕಟ್ಟುವುದನ್ನು ಎಂದೋ ಬಿಟ್ಟಿತ್ತು.

ಎರಡನೆಯ ಆಕ್ಷೇಪ ಅರ್ಥಶಾಸ್ತ್ರದ್ದು, ಇನ್ನೂ ಗಟ್ಟಿಯಾದದ್ದು. 2008ರ ನಂತರ ಬಡ್ಡಿ ಸೊನ್ನೆಯ ಹತ್ತಿರ ಬಂತು, ಹಣಕ್ಕೆ ಹೋಗಲು ಜಾಗವಿರಲಿಲ್ಲ, ಕಾರು ವೈನು ವಾಚು ಎಲ್ಲದರ ಬೆಲೆ ಏರಿತು. 2014ರ 3 ಕೋಟಿ 81 ಲಕ್ಷ ಡಾಲರಿಗೆ ಬೇರೆ ವಿವರಣೆ ಬೇಕಿಲ್ಲ ಎನ್ನುತ್ತಾರೆ. ನೀರು ಏರಿತೆಂಬುದು ನಿಜ. ಆದರೆ ನೀರು ಏರಿದ್ದು ಅದು ಯಾವ ಕಾಲುವೆಗೆ ಹರಿಯಿತೆಂಬುದನ್ನು ಹೇಳುವುದಿಲ್ಲ. 2018ರಲ್ಲಿ ಎರಡು ಜಿಟಿಒಗಳು ಕೈಬದಲಾದವು. ಆಗಸ್ಟಿನಲ್ಲಿ ಮಾಂಟೆರೆಯ ಆರ್‌ಎಂ ಸದಬೀಸ್ ಹರಾಜಿನಲ್ಲಿ 3413ಜಿಟಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಅದೇ ವರ್ಷ ಖಾಸಗಿ ಮಾರಾಟದಲ್ಲಿ 4153ಜಿಟಿ 7 ಕೋಟಿ ಡಾಲರಿಗೆ ಹೋಯಿತೆಂದು ವರದಿಯಾಯಿತು. ಒಂದೇ ಮಾದರಿ, ಒಂದೇ ವರ್ಷ, ಒಂದೇ ಬಡ್ಡಿದರ. ಅಂತರ ಎರಡು ಕೋಟಿಗೂ ಹೆಚ್ಚು. 4153 ಕಾರು 1963ರ ಲೆ ಮಾನ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು, 1964ರ ಟೂರ್ ದ ಫ್ರಾನ್ಸ್ ಗೆದ್ದದ್ದು. ಖಾಸಗಿ ವ್ಯವಹಾರದ ಬೆಲೆಗೂ ಬಹಿರಂಗ ಹರಾಜಿನ ಬೆಲೆಗೂ ಸ್ವಲ್ಪ ವ್ಯತ್ಯಾಸ ಸಹಜವೆಂದು ಬಿಟ್ಟುಕೊಟ್ಟರೂ, ಉಳಿದದ್ದನ್ನು ವಿವರಿಸಲು ಚರಿತ್ರೆಯೇ ಬೇಕು.

ದಾಖಲೆ ಎಂದಾಗ ಬದಲಾಗದ ಅಸಲಿತನ ಎಂದು ತಿಳಿಯುವುದುಂಟು. ವಿಯೊಲಾತಿಯ ಕಾರನ್ನೇ ನೋಡಿ. 1962ರ ಅಕ್ಟೋಬರಿನಲ್ಲಿ, ಒಲಿಂಪಿಕ್ ಸ್ಕೀಯಿಂಗ್ ಪದಕ ಗೆದ್ದಿದ್ದ ಹೆನ್ರಿ ಓರೆಯ್ ಪ್ಯಾರಿಸ್ ಬಳಿಯ ಮೊಂಲೇರಿ ಟ್ರ್ಯಾಕಿನಲ್ಲಿ ಅದನ್ನು ಗುದ್ದಿಸಿಕೊಂಡು ಸತ್ತ. ಕಾರು ದುರಸ್ತಿಯಾಗಿ ಬೇರೊಬ್ಬರ ಕೈಗೆ ಹೋಯಿತು. 3413ರ ಮೈಯಂತೂ ಅದು ಹುಟ್ಟಿದಾಗಿನದ್ದೇ ಅಲ್ಲ. 1964ರಲ್ಲಿ ಸ್ಕಾಲಿಯೆತ್ತಿ ಹೊಸ ಮಾದರಿಯ ಮೈ ಕೂರಿಸಿದ್ದು. ಜೀವ ತೆಗೆದ ಅಪಘಾತ, ಬದಲಾದ ಮೈ ಎರಡೂ ಬೆಲೆಯನ್ನು ತಿನ್ನಲಿಲ್ಲ, ಏಕೆಂದರೆ ಎರಡೂ ದಿನಾಂಕ ಸಮೇತ ಬರೆದಿಟ್ಟ ಸಂಗತಿಗಳು. ಬೆಂಗಳೂರಿನಲ್ಲಿ ಸೈಟು ಕೊಳ್ಳುವವರು ಮೂಲಪತ್ರದಿಂದ ಹಿಡಿದು ಇ.ಸಿ.ವರೆಗೆ ಕಾಗದ ಕೇಳುತ್ತಾರಲ್ಲ, ಜಾಗ ಎಷ್ಟು ಸಲ ಕೈಬದಲಾಗಿದೆ ಎಂಬುದು ಅವರಿಗೆ ಚಿಂತೆಯಲ್ಲ, ನಡುವೆ ಒಂದು ಕೊಂಡಿ ತಪ್ಪಿದೆಯೇ ಎಂಬುದು ಚಿಂತೆ. ಇಲ್ಲಿಯದೂ ಅದೇ ಭಯ. 1954ರ ಫೆರಾರಿ 500 ಮೊಂಡಿಯಾಲ್ ಒಂದು 1960ರ ದಶಕದಲ್ಲಿ ಗುದ್ದಿ, ಬೆಂಕಿ ಹತ್ತಿ, ಮೈಯೆಂಬುದು ಮುದುಡಿದ ತಗಡಾಗಿ ಉಳಿದಿತ್ತು. 2023ರಲ್ಲಿ ಮಾಂಟೆರೆಯಲ್ಲಿ ಅದೇ ಸ್ಥಿತಿಯಲ್ಲಿ ಹರಾಜಿಗೆ ಬಂದು 18 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ನೋಡಿದವರು ಗುಜರಿಗೆ ಇಷ್ಟು ದುಡ್ಡೇ ಎಂದು ನಕ್ಕರು. ಅಲ್ಲಿ ಮಾರಾಟವಾದದ್ದು ಒಂದು ನಂಬರು, ಅದಕ್ಕೆ ಅಂಟಿಕೊಂಡಿದ್ದ ರೇಸಿನ ಚರಿತ್ರೆ, ಆ ನಂಬರಿನಲ್ಲಿ ಮತ್ತೆ ಒಂದು ಕಾರು ಕಟ್ಟಿಕೊಳ್ಳುವ ಹಕ್ಕು. 2015ರಲ್ಲಿ ಪ್ಯಾರಿಸ್ಸಿನ ಆರ್ತ್‌ಕ್ಯುರಿಯಲ್ ಹರಾಜಿನಲ್ಲಿ 1 ಕೋಟಿ 60 ಲಕ್ಷ ಯೂರೊಗೂ ಹೆಚ್ಚಿಗೆ ಹೋದ ಕ್ಯಾಲಿಫೋರ್ನಿಯಾ ಸ್ಪೈಡರ್ ಇನ್ನೂ ವಿಚಿತ್ರ. ಪಶ್ಚಿಮ ಫ್ರಾನ್ಸಿನ ಒಂದು ಹೊಲಮನೆಯ ಶೆಡ್ಡಿನಲ್ಲಿ ದಶಕಗಳ ಕಾಲ ಹಳೆಯ ಪತ್ರಿಕೆಗಳ ಕಟ್ಟುಗಳಡಿ ಹೂತಂತೆ ಇತ್ತು. ನಟ ಅಲೆನ್ ದೆಲೋಂ ಅದನ್ನು ಓಡಿಸಿದ ದಿನಗಳ ಫೋಟೊಗಳಿದ್ದವು. ಮಾರುವವರು ಧೂಳನ್ನೂ ಒರೆಸಲಿಲ್ಲ. ಒರೆಸದಿರುವುದೂ ಒಂದು ಪ್ರಮಾಣಪತ್ರವೇ: ಈ ನಡುವೆ ಯಾರೂ ಕೈಯಾಡಿಸಿಲ್ಲ ಎಂಬುದಕ್ಕೆ.

ಆದ್ದರಿಂದ ಇಂದು ಇಂಥ ಕಾರು ಕೊಳ್ಳುವ ಕ್ರಮ ಪರೀಕ್ಷೆಗಿಂತ ತನಿಖೆಗೆ ಹತ್ತಿರ. ಚಾಸಿ ನಂಬರಿನ ಅಂಕಿಗಳ ಒತ್ತು ಆ ಕಾಲದ ಅಚ್ಚಿನದೇ, ಅದರ ಸುತ್ತ ಲೋಹ ಉಜ್ಜಿದ ಗುರುತಿದೆಯೇ ಎಂದು ಟಾರ್ಚು ಹಿಡಿದು ನೋಡುತ್ತಾರೆ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಮೇಲಿನ ನಂಬರುಗಳನ್ನು ಕಾರ್ಖಾನೆಯ ಹಾಳೆಯೊಡನೆ ತಾಳೆ ನೋಡುತ್ತಾರೆ. ಉಕ್ಕಿನ ಮೈಯಾದರೆ ಒಂದು ಸಣ್ಣ ಅಯಸ್ಕಾಂತವನ್ನು ಬಾಗಿಲ ಅಂಚಿನುದ್ದಕ್ಕೆ ಎಳೆಯುತ್ತಾರೆ. ಅದು ಅಂಟದೆ ಜಾರುವ ಕಡೆ ಪೇಂಟಿನಡಿ ಪುಟ್ಟಿ ತುಂಬಿದೆ ಎಂದರ್ಥ. ಅಲ್ಯೂಮಿನಿಯಂ ಎಂದು ಹೇಳಿದ ಬಾನೆಟ್ಟಿಗೆ ಅಂಟಿಕೊಂಡರಂತೂ ಮಾತು ಮುಗಿಯಿತು. 1958ರ ರೇಸಿನ ಫೋಟೊದಲ್ಲಿ ಕಾಣುವ ಸಾಲು ಮೊಳೆಗಳನ್ನು ಇಂದಿನ ಮೈಯ ಮೇಲಿನ ಮೊಳೆಗಳೊಡನೆ ಎಣಿಸಿ ನೋಡುವವರಿದ್ದಾರೆ. 2006ರಿಂದ ಫೆರಾರಿಯೇ ‘ಕ್ಲಾಸಿಕೆ’ ಎಂಬ ವಿಭಾಗದ ಮೂಲಕ ತನ್ನ ಹಳೆಯ ಕಾರುಗಳನ್ನು ಪರಿಶೀಲಿಸಿ ಕೆಂಪು ರಟ್ಟಿನ ಪ್ರಮಾಣಪತ್ರ ಕೊಡುತ್ತಿದೆ. ಹಳೆಯ ನಕ್ಷೆಗಳು ಕಾರ್ಖಾನೆಯ ಬಳಿಯೇ ಇರುವುದರಿಂದ ಅದಕ್ಕೆ ತೂಕವಿದೆ. ಆದರೆ ಪ್ರಮಾಣಪತ್ರ ಕೊಡುವವರೇ ದುರಸ್ತಿಯನ್ನೂ ಮಾಡಿ ಹಣ ಪಡೆಯುವಾಗ, ಅವರ ಮಾತೇ ಕೊನೆಯದೆಂದು ಒಪ್ಪುವುದು ಕಷ್ಟ. ಹೊರಗಿನ ಇತಿಹಾಸಕಾರನ ಕಡತವನ್ನು ಜೊತೆಗಿಟ್ಟುಕೊಳ್ಳದೆ ದೊಡ್ಡ ಕೊಳ್ಳುಗರು ಮುಂದುವರಿಯದಿರುವುದು ಅದಕ್ಕೇ.

ಕಾಗದಕ್ಕೆ ಇಷ್ಟು ಬೆಲೆ ಬಂದ ಮೇಲೆ ಕಾಗದದ ಜಗಳಗಳೂ ಬಂದವು. 375 ಪ್ಲಸ್ ಎಂಬ 1954ರ ರೇಸ್ ಕಾರಿನ ಭಾಗಗಳು 1980ರ ದಶಕದ ಕೊನೆಯಲ್ಲಿ ಒಹಾಯೊದಿಂದ ಕಳುವಾಗಿ ಬೆಲ್ಜಿಯಂ ಸೇರಿದವು. ಕಾರು ಯಾರದೆಂಬ ವ್ಯಾಜ್ಯ ಎರಡು ಖಂಡಗಳಲ್ಲಿ ನಡೆಯಿತು. 2014ರಲ್ಲಿ ಗುಡ್‌ವುಡ್‌ನಲ್ಲಿ 1 ಕೋಟಿ ಪೌಂಡಿಗೂ ಹೆಚ್ಚಿಗೆ ಹರಾಜಾದ ಮೇಲೂ ಅದು ನಿಲ್ಲಲಿಲ್ಲ. 2017ರಲ್ಲಿ ಲಂಡನ್ನಿನ ವ್ಯಾಪಾರಿಯೊಬ್ಬರು 4 ಕೋಟಿ 40 ಲಕ್ಷ ಡಾಲರಿಗೆ ಕೊಂಡ ಜಿಟಿಒದಲ್ಲಿ ಅದರ ಮೂಲ ಗೇರ್ ಬಾಕ್ಸ್ ಇರಲಿಲ್ಲ. ಅದು ಅಮೆರಿಕದಲ್ಲಿ ಬೇರೊಬ್ಬರ ಬಳಿಯಿತ್ತು, ಸಿಕ್ಕರೆ ತಂದೊಪ್ಪಿಸುವುದು ಮಾರಿದವರ ಹೊಣೆ ಎಂದು ಕರಾರಿನಲ್ಲಿತ್ತು. ಕಾರಿನಲ್ಲಿದ್ದ ಗೇರ್ ಬಾಕ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. ಮೂಲದ್ದನ್ನು ಒಪ್ಪಿಸುವ ಬಗ್ಗೆ ಎರಡು ಕಡೆಯವರೂ ಲಂಡನ್ ಹೈಕೋರ್ಟಿಗೆ ಹೋದರು. 2020ರಲ್ಲಿ ತೀರ್ಪು ಕೊಂಡವರ ಪರ ಬಂತು.

ಕೊನೆಯ ಆಕ್ಷೇಪ ವಯಸ್ಸಿನದು. ಜಿಟಿಒ ಓಡಿದ್ದನ್ನು ಹುಡುಗರಾಗಿದ್ದಾಗ ಕಂಡವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಬಳಿಕ ಬರುವ ಕೊಳ್ಳುಗರ ಗೋಡೆಯ ಮೇಲೆ ಇದ್ದದ್ದು ಎಫ್40 ಪೋಸ್ಟರು. ಒಂದು ಕಾಲಕ್ಕೆ ಹೊಸದರ ಬೆಲೆಯೂ ಸಿಗದಿದ್ದ ಎಫ್40ಕ್ಕೆ ಇಂದು ಹರಾಜಿನಲ್ಲಿ ಹತ್ತಾರು ಲಕ್ಷ ಡಾಲರ್ ಬರುತ್ತಿರುವುದು ಈ ಮಾತಿಗೆ ಬೆಂಬಲ. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ, 1962ರಲ್ಲಿ ಫೆರಾರಿಯ ಸ್ವಂತ ತಂಡವೇ ನರ್ಬರ್ಗ್‌ರಿಂಗ್‌ನಲ್ಲಿ ಓಡಿಸಿ ಎರಡನೆಯ ಸ್ಥಾನ ಗಳಿಸಿದ್ದ 3765 ನಂಬರಿನ ಜಿಟಿಒ ಹರಾಜಿಗೆ ಬಂತು. ಆರು ಕೋಟಿಗೂ ಮೀರಬಹುದೆಂದು ಅಂದಾಜಿತ್ತು. ಬಂದದ್ದು 5 ಕೋಟಿ 17 ಲಕ್ಷ. ಬೇಡಿಕೆ ತಗ್ಗುತ್ತಿದೆ ಎನ್ನುವವರಿಗೆ ಅದು ಆಧಾರವಾಯಿತು, ಫೆರಾರಿಯೊಂದಕ್ಕೆ ಹರಾಜಿನಲ್ಲಿ ಅಷ್ಟು ಬೆಲೆ ಅದುವರೆಗೆ ಬಂದಿರಲಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಪೀಳಿಗೆ ಬದಲಾದಂತೆ ಒಟ್ಟು ಬೇಡಿಕೆ ಇಳಿಯಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಳಿದಾಗಲೂ ಕಾರು ಕಾರಿನ ನಡುವಿನ ಅಂತರ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ ಎಂದು 1990ರ ದಶಕ ತೋರಿಸಿತ್ತು, ಈಗಿನ ಗುರುತುಗಳೂ ಹಾಗೇ ಇವೆ. ಒಕ್ಕೂಟ ಮಾನ್ಯತೆ ನಿರಾಕರಿಸಿದ 250 ಎಲ್‌ಎಂ ತಯಾರಾದದ್ದು 32. ಅದರಲ್ಲೊಂದು 2015ರಲ್ಲಿ, ಪೇಟೆ ಉತ್ತುಂಗದಲ್ಲಿದ್ದಾಗ, ಮಾಂಟೆರೆಯಲ್ಲಿ 1 ಕೋಟಿ 76 ಲಕ್ಷ ಡಾಲರಿಗೆ ಹೋಗಿತ್ತು. 2025ರ ಫೆಬ್ರುವರಿಯಲ್ಲಿ, ಪೇಟೆ ಮಂದವಾಗಿದೆ ಎಂದು ಎಲ್ಲರೂ ಗೊಣಗುತ್ತಿದ್ದಾಗ, ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಮ್ಯೂಸಿಯಂ ತನ್ನಲ್ಲಿದ್ದ ಎಲ್‌ಎಂ ಒಂದನ್ನು ಪ್ಯಾರಿಸ್ಸಿನಲ್ಲಿ ಮಾರಿತು: 3 ಕೋಟಿ 48 ಲಕ್ಷ ಯೂರೊ. ಅದರ ಚಾಸಿ ನಂಬರ್ 5893. 1965ರಲ್ಲಿ ಮಾಸ್ಟನ್ ಗ್ರೆಗರಿ, ಜೋಕನ್ ರಿಂಟ್ ಇಬ್ಬರೂ ಲೆ ಮಾನ್ಸ್ ಗೆದ್ದದ್ದು ಆ ಕಾರಿನಲ್ಲಿ. ಆಮೇಲೆ 2023ರವರೆಗೆ ಫೆರಾರಿ ಅಲ್ಲಿ ಮತ್ತೆ ಗೆದ್ದಿರಲಿಲ್ಲ.